ಮಳೆ ರಜೆಯ ದಿನ ಟಪಾಲು ಟೇಬಲ್ಲಿಗೆ ಬಂದ ಹೊಸ ಗುಮಾಸ್ತೆ

ಜುಲೈ ತಿಂಗಳು. ರಾತ್ರಿಯೆಲ್ಲ ಸುರಿದ ಮಳೆ ಬೆಳಿಗ್ಗೆಯೂ ಬಿಟ್ಟಿರಲಿಲ್ಲ. ಆರೂವರೆಗೆ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಬಂತು. ಜಿಲ್ಲಾಧಿಕಾರಿಗಳ ಆದೇಶ, ಇವತ್ತು ಶಾಲೆಗಳಿಗೆ ರಜೆ. ಮಗಳು ಮಂಚದ ಮೇಲೆ ನಿಂತು ಕುಣಿದಳು. ನಾನು ಒಲೆ ಮುಂದೆ ಸೌಟು ಹಿಡಿದು ನಿಂತೇ ಇದ್ದೆ. ಅತ್ತೆ ತಂಗಿಯ ಮನೆಗೆಂದು ಹೊನ್ನಾಳಿಗೆ ಹೋಗಿದ್ದರು. ಮನೆಯವರು ಡ್ಯೂಟಿ ಮೇಲೆ ಹುಬ್ಬಳ್ಳಿಯಲ್ಲಿದ್ದರು. ಮಳೆ ರಜೆ ಮಕ್ಕಳಿಗೆ, ಆಫೀಸಿಗಲ್ಲ ಅಲ್ವಾ?

ಸರಿ, ರೇನ್‌ಕೋಟು ಹಾಕಿಸಿ, ನಿಟುವಳ್ಳಿಯಲ್ಲಿ ಆಟೋ ಹಿಡಿದು ಅವಳನ್ನೂ ಕರೆದುಕೊಂಡೇ ಹೊರಟೆ. ನಾಲ್ಕೂವರೆ ವರ್ಷ. ಆಟೋದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮ, ನಂಗೆ ಬೇರೆ ಕುರ್ಚಿ ಕೊಡ್ತಾರಾ?"

ನನ್ನದು ಟಪಾಲು ಟೇಬಲ್ಲು. ಬಂದ ಅರ್ಜಿಗೆ ಸೀಲು ಹೊಡೆದು, ಇನ್‌ವರ್ಡ್ ನಂಬರ್ ಬರೆದು, ಒಂದು ಪ್ರತಿ ವಾಪಸ್ ಕೊಡುವ ಕೆಲಸ. ಮಗಳಿಗೆ ಪಕ್ಕದಲ್ಲೊಂದು ಸ್ಟೂಲು ಹಾಕಿ, ಹಳೇ ಸುತ್ತೋಲೆಯ ಹಿಂಬದಿಯಲ್ಲಿ ಚಿತ್ರ ಬರಿ ಅಂತ ಕೊಟ್ಟೆ. ಅವಳ ಕಣ್ಣು ಬಿದ್ದಿದ್ದು ಸೀಲಿನ ಮೇಲೆ. "ಸ್ವೀಕರಿಸಲಾಗಿದೆ" ಎಂದಿರುವ ಸೀಲು. ಕೆಳಗೆ ತಾರೀಖು. ನೇರಳೆ ಇಂಕು.

ನಾನು ಫೋನಿನಲ್ಲಿ ಎರಡು ನಿಮಿಷ ಮಾತಾಡಿ ತಿರುಗುವಷ್ಟರಲ್ಲಿ ಆನೆಯ ಚಿತ್ರ ಸ್ವೀಕೃತವಾಗಿತ್ತು. ಡಬ್ಬಿಯಲ್ಲಿದ್ದ ಬಾಳೆಹಣ್ಣು ಸ್ವೀಕೃತವಾಗಿತ್ತು. ಅವಳ ಎಡಗೈ, ಮೊಣಕೈವರೆಗೂ. ನಮ್ಮ ಅಟೆಂಡರ್ ಅಣ್ಣ ಅಂಗೈ ಚಾಚಿ ನಿಂತಿದ್ದರು, "ನನಗೊಂದು ಹಾಕು ತಾಯಿ" ಅಂತ.

ಅಷ್ಟರಲ್ಲಿ ಮಾಯಕೊಂಡದ ಕಡೆಯ ಅಜ್ಜ ಒಬ್ಬರು ಬಂದರು. ಅರ್ಜಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಂಗಿಯೊಳಗೆ ಇಟ್ಟುಕೊಂಡಿದ್ದರು. ಒಂದು ಹನಿ ನೀರು ತಾಗಿರಲಿಲ್ಲ. ನಾನು ಕೈ ಚಾಚುವ ಮೊದಲೇ ಮಗಳು ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಥೇಟು ನನ್ನ ದನಿಯಲ್ಲಿ ಕೇಳಿದಳು: "ಎರಡು ಝೆರಾಕ್ಸ್ ತಂದಿದ್ದೀರಾ? ಆಧಾರ್ ಇಟ್ಟಿದ್ದೀರಾ?"

ನಾನು ಮನೆಯಲ್ಲಿ ಯಾವತ್ತೂ ಹೀಗೆ ಮಾತಾಡಿಲ್ಲ. ಒಂದು ಗಂಟೆ ಪಕ್ಕದಲ್ಲಿ ಕೂತು ಅಷ್ಟೂ ಕಲಿತಿದ್ದಳು.

ಅಜ್ಜ ಒಂಚೂರೂ ನಗಲಿಲ್ಲ. ಕವರು ಬಿಚ್ಚಿ ಒಂದೊಂದೇ ಕಾಗದ ಎತ್ತಿ ತೋರಿಸಿದರು. "ಎಲ್ಲಾ ಐತ್ರಿ ಮೇಡಂ. ನೋಡ್ಕೊಳ್ರಿ." ಅವಳು ನೋಡಿದಳು. ಓದೋಕೆ ಬರಲ್ಲ, ಆದರೂ ಮೇಲಿಂದ ಕೆಳಗೆ ಬೆರಳಾಡಿಸಿ ನೋಡಿದಳು. ನಾನು ಅವಳ ಕೈ ಹಿಡಿದು ಸರಿಯಾದ ಜಾಗದಲ್ಲಿ ಸೀಲು ಒತ್ತಿಸಿ, ನಂಬರು ಬರೆದು ಕೊಟ್ಟೆ. ಆಮೇಲೆ ಅಜ್ಜ ಬಾಯ್ತುಂಬ ನಕ್ಕರು. "ಇಷ್ಟ್ ಲಗೂ ಯಾವಾಗ್ಲೂ ಆಗಿಲ್ಲ ಬಿಡವ್ವಾ" ಅಂದರು. ಆ ನಗು ಇನ್ನೂ ನನ್ನ ಕಣ್ಣ ಮುಂದೆ ಇದೆ.

ಮಧ್ಯಾಹ್ನ ಊಟಕ್ಕೆ ನಾವು ಐದು ಜನ ಹೆಂಗಸರು ಸೇರುತ್ತೇವೆ. ರೊಟ್ಟಿ, ಶೇಂಗಾ ಚಟ್ನಿ, ಅವತ್ತು ಮಗಳ ಲೆಕ್ಕದಲ್ಲಿ ಖಾರ ಮಂಡಕ್ಕಿ ಬೇರೆ. ರೆಕಾರ್ಡ್ ರೂಮಿನ ಅಕ್ಕ ತಮ್ಮ ಹಳೇ ಕತೆ ಮತ್ತೆ ಹೇಳಿದರು. ಅವರ ಮಗನ ಮಗ್ಗಿ ಪುಸ್ತಕ ಹೇಗೋ ಫೈಲುಗಳ ನಡುವೆ ಸೇರಿ ಸಾಹೇಬರ ಟೇಬಲ್ಲಿಗೆ ಹೋಗಿತ್ತು. ಸಂಜೆ ಫೈಲುಗಳ ಜೊತೆಗೇ ವಾಪಸ್ ಬಂತು. ಏಳರ ಮಗ್ಗಿಯಲ್ಲಿದ್ದ ತಪ್ಪನ್ನು ಸಾಹೇಬರು ಹಸಿರು ಇಂಕಿನಲ್ಲಿ ತಿದ್ದಿ, ಕೆಳಗೆ ಚಿಕ್ಕ ಸಹಿ ಹಾಕಿದ್ದರು! ಎಷ್ಟು ಸಲ ಕೇಳಿದರೂ ನಮಗೆ ನಗು ತಡೆಯೋಕಾಗಲ್ಲ.

ನಗುತ್ತಲೇ ಲೆಕ್ಕಾಚಾರವೂ ನಡೆಯುತ್ತದೆ. ರಾಜ್ಯ ಸರ್ಕಾರ 2021ರಲ್ಲಿ ಮಹಿಳಾ ನೌಕರರಿಗೆ 180 ದಿನ ಶಿಶುಪಾಲನಾ ರಜೆ ಕೊಟ್ಟಿತು. ದೊಡ್ಡ ಉಪಕಾರ, ನಿಜವಾಗಿ. ಆದರೆ ಅದು ಇಡೀ ಸೇವೆಗೆ, ಮಗುವಿಗೆ 18 ತುಂಬುವ ತನಕ. ಹಂಚಿದರೆ ವರ್ಷಕ್ಕೆ 10 ದಿನ. ಜ್ವರಕ್ಕೆ ಇಡಬೇಕಾ, ಪರೀಕ್ಷೆಗಾ, ಮಳೆಗಾ? ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ತಿದ್ದುಪಡಿ ಬಂತು. 50 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತ. ನಮ್ಮದು 14 ಜನರ ಆಫೀಸು. ನಾಲ್ಕು ಸಲ ಎನ್ನುವ ಮಾತೇ ನನಗೆ ತುಂಬಾ ಇಷ್ಟವಾಯಿತು. ಅದನ್ನು ಬರೆದವರಿಗೆ ಮಗುವಿನ ಹಸಿವು ಗೊತ್ತಿತ್ತು. ಚಿಕ್ಕ ಆಫೀಸುಗಳಿಗೂ ಒಂದು ಮೂಲೆ, ಒಂದು ಚಾಪೆ ಸಿಗಬೇಕು. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ, ಅರ್ಜಿಯನ್ನೂ ಬರೆದಿದ್ದೇನೆ.

ಸಂಜೆ ಹೊರಡುವಾಗ ಸಾಹೇಬರು ನಮ್ಮ ಟೇಬಲ್ ಹತ್ತಿರ ನಿಂತರು. ಮಗಳು ಅವರನ್ನೂ ಬಿಡಲಿಲ್ಲ. "ಝೆರಾಕ್ಸ್ ಎಲ್ಲಿ?" ಅವರು ಜೇಬು ತಡಕಿ, ಸಿಕ್ಕಿದ ಬಸ್ ಟಿಕೆಟನ್ನು ಎರಡೂ ಕೈಯಲ್ಲಿ ಮುಂದಿಟ್ಟರು. ಸೀಲು ಬಿತ್ತು.

ರಾತ್ರಿ ಸ್ನಾನ ಮಾಡಿಸುವಾಗ ಎಡಗೈಗೆ ಸೋಪು ಮುಟ್ಟಿಸಲು ಬಿಡಲಿಲ್ಲ. ನೇರಳೆ ಅಕ್ಷರ ಹಾಗೇ ಉಳಿಯಿತು. ತಲೆಕೆಳಗಾದ "ಸ್ವೀಕರಿಸಲಾಗಿದೆ", ನನ್ನ ಕುತ್ತಿಗೆ ಸುತ್ತ ಮಲಗಿತು.

ಮರುದಿನ ಬೆಳಿಗ್ಗೆ ಆರಕ್ಕೇ ಎದ್ದು, ಬಾಗಿಲು ತೆಗೆದು ಆಕಾಶ ನೋಡುತ್ತಿದ್ದಳು. "ಅಮ್ಮ, ಮಳೆ ನಿಂತುಬಿಟ್ಟಿದೆ" ಅಂದಳು, ಅಳು ಬರುವ ಹಾಗೆ.