ಮನಸ್ಸಿನಲ್ಲಿ ಯಾರಿದ್ದರು?

ನಾನು ಇಲ್ಲಿನ ಕಾಲೇಜಿನಲ್ಲಿ ಬಿ.ಎ.ಗೆ ಸೇರಿದಾಗ ದಾವಣಗೆರೆ ಹೊಸ ಜಿಲ್ಲೆ. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಪದವಿ ಪತ್ರ ಬರುತ್ತಿದ್ದದ್ದು ಕುವೆಂಪು ವಿಶ್ವವಿದ್ಯಾಲಯದಿಂದ. ತರಗತಿಯಲ್ಲಿ ಜಗಳೂರು, ಹರಿಹರದ ಕಡೆಯಿಂದ ಬಸ್ಸಿಗೆ ಬರುವವರೇ ಜಾಸ್ತಿ. ಊರಿನವರಲ್ಲಿ ಕೆಲವರ ಮನೆಯ ಹಿರಿಯರು ಬಟ್ಟೆ ಮಿಲ್ಲುಗಳಲ್ಲಿ ದುಡಿದವರು. ಇಂಥ ತರಗತಿಗೆ ನಮ್ಮ ಸಮಾಜಶಾಸ್ತ್ರದ ಮೇಡಂ ಮ್ಯಾಕ್ಸ್ ವೇಬರ್ ಎಂಬ ಜರ್ಮನ್ ವಿದ್ವಾಂಸನನ್ನು ಕರೆತಂದರು. ನನ್ನ ಮಟ್ಟಿಗೆ ಆ ಕಾಲೇಜಿನಿಂದ ಸಿಕ್ಕಿದ ದೊಡ್ಡ ಆಸ್ತಿ ಅದೇ.

ವೇಬರ್ ಹುಟ್ಟಿದ್ದು 1864ರಲ್ಲಿ, ತೀರಿಕೊಂಡದ್ದು 1920ರಲ್ಲಿ. ಸಾಮಾಜಿಕ ಕ್ರಿಯೆ ಅಂದರೇನು ಎಂದು ಆತ ಬರೆದದ್ದು ಪೂರ್ತಿ ಗ್ರಂಥವಾಗಿ ಹೊರಬಂದದ್ದು ಸತ್ತ ಮೇಲೆ. ಮೇಡಂ ಇದನ್ನು ಒಂದೇ ಉಸಿರಿನಲ್ಲಿ ಹೇಳಿ, ನೇರ ಸೈಕಲ್ಲಿಗೆ ಬಂದರು. ಆ ಉದಾಹರಣೆಯೂ ವೇಬರನದ್ದೇ. ಇಬ್ಬರು ಸೈಕಲ್ ಸವಾರರು ಡಿಕ್ಕಿ ಹೊಡೆಯುತ್ತಾರೆ. ಬರೀ ಡಿಕ್ಕಿ ಸಾಮಾಜಿಕ ಕ್ರಿಯೆಯಲ್ಲ, ಮರದ ಕೊಂಬೆ ಮುರಿದು ಬಿದ್ದಂಥ ಒಂದು ಘಟನೆ, ಅಷ್ಟೇ. ಆದರೆ ಡಿಕ್ಕಿ ತಪ್ಪಿಸಲು ಒಬ್ಬ ಹ್ಯಾಂಡಲ್ ತಿರುಗಿಸಿದರೆ ಅದು ಸಾಮಾಜಿಕ ಕ್ರಿಯೆ. ಬಿದ್ದ ಮೇಲೆ ಬೈದಾಡಿದರೆ, ಕೈಮಾಡಿದರೆ, ಇಲ್ಲವೇ ‘ಹೋಗ್ಲಿ ಬಿಡಣ್ಣ’ ಅಂದರೆ ಅದೂ ಹೌದು. ಯಾಕೆಂದರೆ ಅಲ್ಲಿ ಎದುರಿನವನು ಲೆಕ್ಕಕ್ಕೆ ಬಂದಿದ್ದಾನೆ. ಇನ್ನೊಬ್ಬರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದೇ ಸಾಮಾಜಿಕ ಕ್ರಿಯೆ. ಅಶೋಕ ರಸ್ತೆಯ ರೈಲ್ವೆ ಗೇಟ್ ತೆಗೆದಾಗ ಎರಡೂ ಕಡೆಯಿಂದ ಒಟ್ಟಿಗೆ ನುಗ್ಗುವ ಜನರನ್ನು ದಿನಾ ನೋಡುತ್ತಿದ್ದ ನಮಗೆ ಇದು ಥಟ್ಟನೆ ಹೊಳೆಯಿತು.

‘ಮಳೆ ಬಂತು, ಬೀದಿಯಲ್ಲಿದ್ದವರೆಲ್ಲ ಒಟ್ಟಿಗೆ ಛತ್ರಿ ಬಿಚ್ಚಿದರು. ಇದು?’ ಎಂದು ಕೇಳಿದರು. ಎಲ್ಲರೂ ಒಂದೇ ಕೆಲಸ ಮಾಡಿದರಲ್ಲ, ಹಾಗಾಗಿ ಸಾಮಾಜಿಕವೇ ಅಂದೆವು. ಅಲ್ಲ ಅಂದರು ಮೇಡಂ. ಅವರೆಲ್ಲರ ಲಕ್ಷ್ಯ ಮಳೆಯ ಕಡೆ, ಒಬ್ಬರ ಕಡೆ ಒಬ್ಬರದ್ದಲ್ಲ. ಆಮೇಲೆ ಮೂರು ವರ್ಷ ಅವರು ಯಾವ ವಿಷಯ ತೆಗೆದರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಇದನ್ನು ಮಾಡುವಾಗ ಅವರ ಮನಸ್ಸಿನಲ್ಲಿ ಯಾರಿದ್ದರು?’

ಸಾಮಾಜಿಕ ಕ್ರಿಯೆಯಲ್ಲಿ ವೇಬರ್ ಹೇಳುವ ನಾಲ್ಕು ಬಗೆ ಪಠ್ಯದಲ್ಲಿದ್ದವು. ಗುರಿ ಇಟ್ಟು ಲೆಕ್ಕ ಹಾಕಿ ಮಾಡುವುದು, ಒಂದು ಮೌಲ್ಯಕ್ಕೆ ಕಟ್ಟುಬಿದ್ದು ಮಾಡುವುದು, ಭಾವನೆಯ ಭರದಲ್ಲಿ ಮಾಡುವುದು, ರೂಢಿಯಿಂದ ಮಾಡುವುದು. ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡಿದೆವು. ಮೇಡಂಗೆ ಅದು ಸಾಲದು. ಎರಡು ವರ್ಷಕ್ಕೊಮ್ಮೆ ಬರುವ ದುರ್ಗಾಂಬಿಕಾ ಜಾತ್ರೆಗೆ ನೋಟ್‌ಬುಕ್ ಕೊಟ್ಟು ಕಳಿಸಿದರು. ಹರಕೆ ತೀರಿಸಲು ಬಂದ ಹೆಂಗಸು ಅಲ್ಲೇ ಬಳೆಯ ದರ ಇಳಿಸಲು ಜಗ್ಗಾಡುತ್ತಿದ್ದಳು. ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳನ್ನು ಊಟಕ್ಕೆ ಕರೆಯುವುದು ರೂಢಿ, ಆದರೆ ತಂಗಿ ಬಂದಳು ಅಂತ ಅಣ್ಣ ಹಿಗ್ಗಿದ್ದು ರೂಢಿಯಲ್ಲ. ಒಂದೇ ಮನುಷ್ಯನಲ್ಲಿ, ಒಂದೇ ಹೊತ್ತಿನಲ್ಲಿ ನಾಲ್ಕೂ ಕಲೆತಿರುತ್ತವೆ. ಕಲಬೆರಕೆಯೇ ಹೆಚ್ಚು ಎಂದು ವೇಬರ್ ಕೂಡ ಒಪ್ಪುತ್ತಾನೆ, ಅಲ್ವಾ? ಆ ನೋಟ್‌ಬುಕ್ ಇವತ್ತಿಗೂ ನನ್ನ ಹತ್ತಿರ ಇದೆ.

ಆದರೆ ನನ್ನನ್ನು ಅಲುಗಿಸಿದ್ದು ಸಾಮಾಜಿಕ ಸಂಬಂಧದ ಪಾಠ. ನಮ್ಮದು ಮೆಕ್ಕೆಜೋಳ ಬೆಳೆಯುವ ಮನೆ. ಅಪ್ಪ ಪ್ರತಿ ಸುಗ್ಗಿಗೂ ಎಪಿಎಂಸಿಯ ಒಂದೇ ದಲಾಲಿ ಅಂಗಡಿಗೆ ಮಾಲು ಹಾಕುತ್ತಿದ್ದರು. ಬೀಜ, ಗೊಬ್ಬರಕ್ಕೆ ಮುಂಗಡ ಅಲ್ಲಿಂದಲೇ. ಮಾಲು ಮಾರಿದ ಮೇಲೆ ಮುಂಗಡ ಮುರಿದುಕೊಂಡು ಉಳಿದದ್ದನ್ನು ಪಟ್ಟಿ ಮಾಡಿ ಕೊಡುತ್ತಿದ್ದರು. ಅಪ್ಪನಿಗೆ ಸಾಹುಕಾರ್ರು ಅಂದರೆ ಸ್ವಂತ ಅಣ್ಣನ ಥರ. ಅಕ್ಕನ ಮದುವೆಗೆ ಅವರು ಬಂದು ಮುಯ್ಯಿ ಮಾಡಿ ಹೋದದ್ದನ್ನು ವರ್ಷಗಟ್ಟಲೆ ಹೇಳಿಕೊಂಡರು. ಇದನ್ನು ತರಗತಿಯಲ್ಲಿ ಹೇಳಿದಾಗ ಗೆಳೆಯನೊಬ್ಬ, ‘ಅವರಿಗೆ ಅದು ಸುಮ್ನೆ ವ್ಯಾಪಾರ’ ಅಂದ. ನನಗೆ ಕೋಪ ಬಂತು.

ಮೇಡಂ ಇಬ್ಬರನ್ನೂ ಕೂರಿಸಿದರು. ‘ಸಂಬಂಧ ಅಂದರೆ ಎರಡೂ ಕಡೆ ಒಂದೇ ಭಾವನೆ ಇರಬೇಕು ಅಂತ ವೇಬರ್ ಎಲ್ಲೂ ಹೇಳಿಲ್ಲ’ ಅಂದರು. ‘ನಿಮ್ಮಪ್ಪನಿಗೆ ಅದು ಅಣ್ಣತಮ್ಮಿಕೆ, ಅವರಿಗೆ ವ್ಯವಹಾರ ಇರಬಹುದು. ಕಷ್ಟಕ್ಕೆ ಅವರು ದುಡ್ಡು ಕೊಡ್ತಾರೆ ಅಂತ ನಿಮ್ಮಪ್ಪ ಎಣಿಸಿದ್ದಾರೆ. ಮುಂದಿನ ಸುಗ್ಗಿಗೂ ಇವರು ನಮ್ಮಲ್ಲಿಗೇ ಬರ್ತಾರೆ ಅಂತ ಅವರು ಎಣಿಸಿದ್ದಾರೆ. ಹಾಗೆ ನಡೆದುಕೊಳ್ಳುವ ಸಾಧ್ಯತೆ ಇರುವತನಕ ಸಂಬಂಧ ಇದೆ. ಆ ಸಾಧ್ಯತೆ ಹೋದರೆ ಸಂಬಂಧವೂ ಇಲ್ಲ.’ ಜಗಳವೂ ಒಂದು ಸಂಬಂಧವೇ ಎಂದು ಸೇರಿಸಿದರು. ಮಿಲ್ಲಿನ ಕಾರ್ಮಿಕ ಸಂಘ ಮತ್ತು ಮಾಲೀಕರು ಎದುರುಬದುರು ನಿಂತಾಗಲೂ ಒಬ್ಬರ ಹೆಜ್ಜೆ ನೋಡಿಯೇ ಇನ್ನೊಬ್ಬರು ಹೆಜ್ಜೆ ಇಡುತ್ತಾರೆ. ಮಿಲ್ಲು ಮುಚ್ಚಿದ ಮೇಲೆ ಆ ಜಗಳವೂ ಉಳಿಯಲಿಲ್ಲ. ಮಿಲ್ಲಿನವರ ಮನೆಯಿಂದ ಬಂದ ಗೆಳತಿಯೊಬ್ಬಳು ಅವತ್ತು ತುಂಬಾ ಹೊತ್ತು ಮಾತಾಡಿದಳು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ನಾನೀಗ ಒಂದು ಸಣ್ಣ ಪತ್ತಿನ ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ. ಕೆಲವು ವರ್ಷದ ಹಿಂದೆ ಹತ್ತು ರೂಪಾಯಿ ನಾಣ್ಯ ನಡೆಯಲ್ಲ ಎಂಬ ಸುದ್ದಿ ಹಬ್ಬಿತ್ತಲ್ಲ, ಆಗ ವೇಬರ್ ಮತ್ತೆ ನೆನಪಾದ. ಹಣವನ್ನು ನಾವು ತೆಗೆದುಕೊಳ್ಳುವುದೇ, ಮುಂದೆ ಗುರುತಿಲ್ಲದ ಯಾರೋ ನಮ್ಮಿಂದ ಅದನ್ನು ತೆಗೆದುಕೊಳ್ಳುತ್ತಾರೆ ಎಂಬ ಎಣಿಕೆಯ ಮೇಲೆ ಎಂದು ಆತ ಬರೆದಿದ್ದಾನೆ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು 14 ವಿನ್ಯಾಸದ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ಪ್ರಕಟಣೆ ಕೊಟ್ಟಿತು. ಆದರೂ ಮಂಡಕ್ಕಿ ಅಂಗಡಿಯವರು, ‘ನಾಣ್ಯ ಖೋಟಾ ಅಂತಲ್ಲ ಸಾರ್. ನಾನು ತಗೊಂಡ್ರೆ ನನ್ನತ್ರ ಯಾರು ತಗೋತಾರೆ?’ ಅನ್ನುತ್ತಿದ್ದರು. ವೇಬರನನ್ನು ಓದದ ಮನುಷ್ಯ ಅವನ ಮಾತನ್ನೇ ನನ್ನೆದುರು ಆಡುತ್ತಿದ್ದ. ಅವರನ್ನು ತಿಳಿಗೇಡಿಗಳು ಎಂದು ಪೇಟೆಯಲ್ಲಿ ಹಲವರು ಬೈದರು. ನಾನು ಬೈಯಲಾರೆ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಪಕ್ಕದ ಅಂಗಡಿಯವರು, ಗಿರಾಕಿಗಳು, ಸಗಟು ವ್ಯಾಪಾರಿ ಎಲ್ಲರೂ ಒಟ್ಟಿಗೆ ತೆಗೆದುಕೊಳ್ಳದಿದ್ದರೆ ಅವರೊಬ್ಬರೇ ಏನು ಮಾಡಬೇಕಿತ್ತು?

ಈಗ ಅದೇ ಅಂಗಡಿಗಳಲ್ಲಿ ಸ್ಕ್ಯಾನರ್ ಇದೆ. ದುಡ್ಡು ಬಂತು ಎಂದು ಡಬ್ಬಿ ಕೂಗುತ್ತದೆ. ಉದ್ರಿ ಪುಸ್ತಕ ಮಾತ್ರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ. ಯಾರಿಗೆ ಉದ್ರಿ, ಯಾರಿಗೆ ಸ್ಕ್ಯಾನರ್ ಎಂದು ಅಂಗಡಿಯವರು ಹೇಗೆ ತೀರ್ಮಾನಿಸುತ್ತಾರೆ? ಈಗಿನ ವಿದ್ಯಾರ್ಥಿಗಳು ಒಂದು ಸಂಜೆ ಮಂಡಿಪೇಟೆಯಲ್ಲಿ ನಿಂತು ಇದನ್ನು ಬರೆದುಕೊಳ್ಳಬೇಕು. ಜಾತ್ರೆಯ ನೋಟ್‌ಬುಕ್ ಪದ್ಧತಿಯನ್ನು ಕಾಲೇಜಿನ ಸಮಾಜಶಾಸ್ತ್ರ ವಿಭಾಗ ಮತ್ತೆ ಶುರು ಮಾಡಿ, ಆ ಪುಟಗಳನ್ನು ಕಾಲೇಜು ಪತ್ರಿಕೆಯ ಮುಂದಿನ ವರ್ಷದ ಸಂಚಿಕೆಯಲ್ಲಿ ಹಾಕಲಿ ಎಂದು ಕೇಳಿಕೊಳ್ಳುತ್ತೇನೆ.