ಪುಸ್ತಕದ ಆರ್‌ಎಫ್ ಬಿಡಿ, ಪಕ್ಕದ ಲೇನ್ ನೋಡಿ

ಮುಂಬೈಯ ಅಂಧೇರಿ ಕೈಗಾರಿಕಾ ಪ್ರದೇಶದ (ಎಂಐಡಿಸಿ) ನಮ್ಮ ಟೆಸ್ಟಿಂಗ್ ಲ್ಯಾಬಿಗೆ ಹೊಸದಾಗಿ ಸೇರುವವರಲ್ಲಿ ಒಬ್ಬರಾದರೂ ಕನ್ನಡದವರು ಇದ್ದೇ ಇರುತ್ತಾರೆ. ಧಾರವಾಡದಲ್ಲೋ ಮಣಿಪಾಲದಲ್ಲೋ ಓದು ಮುಗಿಸಿ, ಸರಿಯಾಗಿ ಮಳೆಗಾಲಕ್ಕೇ ಬಂದಿಳಿಯುತ್ತಾರೆ. ಸಿಲಿಕಾ ಬಳಿದ ಪ್ಲೇಟಿನ ಬುಡದಲ್ಲಿ ಸ್ಯಾಂಪಲ್ಲಿನ ಚುಕ್ಕೆ ಹಾಕಿ, ದ್ರಾವಕ ಮೇಲೇರಲು ಬಿಟ್ಟು, ಅದರಲ್ಲಿರುವ ವಸ್ತುಗಳನ್ನು ಬೇರ್ಪಡಿಸುವ ವಿಧಾನವೇ ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೋಗ್ರಫಿ). ಆ ಬೆಂಚಿಗೆ ಹಾಕಿದರೆ ಬರುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಮೆಥಡ್‌ನಲ್ಲಿ ಆರ್‌ಎಫ್ 0.40 ಅಂತ ಇದೆ, ನನಗೆ 0.47 ಬರ್ತಿದೆ. ಸ್ಯಾಂಪಲ್ ಫೇಲಾ ಸರ್?"

ಸ್ಯಾಂಪಲ್‌ಗೇನೂ ಆಗಿಲ್ಲ ಮಾರಾಯ, ಮುಂಬೈಯಲ್ಲಿ ಮಳೆ ಹಿಡಿದಿದೆ ಅಷ್ಟೇ.

ಆರ್‌ಎಫ್ ಅಂದರೆ ಚುಕ್ಕೆ ಏರಿದ ದೂರವನ್ನು ದ್ರಾವಕ ಏರಿದ ದೂರದಿಂದ ಭಾಗಿಸಿದ್ದು. ದ್ರಾವಕ 8 ಸೆಂ.ಮೀ. ಏರಿ ಚುಕ್ಕೆ 3.2ರಲ್ಲಿ ನಿಂತರೆ 0.40. ನೋಡಲು ಸ್ಥಿರಾಂಕದ ಹಾಗಿದೆ, ಆದರೆ ಸ್ಥಿರಾಂಕ ಅಲ್ಲವೇ ಅಲ್ಲ. ಪ್ಲೇಟಿನ ಮೇಲಿರುವ 0.2 ಮಿ.ಮೀ. ದಪ್ಪದ ಸಿಲಿಕಾ ಜೆಲ್ ತೇವ ಹೀರುವುದರಲ್ಲಿ ಎತ್ತಿದ ಕೈ. ಹೊಸ ಶೂ ಡಬ್ಬಿಯಲ್ಲಿ ಸಿಗುವ ಪುಟ್ಟ ಪೊಟ್ಟಣದಲ್ಲಿರುವುದೂ ಸಾಮಾನ್ಯವಾಗಿ ಅದೇ. ಅದರ ಮೇಲ್ಮೈಯ ಹೈಡ್ರಾಕ್ಸಿಲ್ ಗುಂಪುಗಳು ಔಷಧದ ಅಣುವನ್ನು ಹಿಡಿದು ನಿಲ್ಲಿಸಬೇಕು. ಬೋರಿವಲಿಯವರು ಮೊದಲೇ ಸೀಟು ಹಿಡಿದ ಚರ್ಚ್‌ಗೇಟ್ ಲೋಕಲ್‌ನ ಹಾಗೆ, ಆ ಜಾಗಗಳಲ್ಲಿ ನೀರು ಕೂತುಬಿಟ್ಟರೆ ಅಣುವಿಗೆ ಹಿಡಿತ ಸಿಗುವುದಿಲ್ಲ, ದ್ರಾವಕದ ಜೊತೆ ಮೇಲಕ್ಕೆ ಹೋಗುತ್ತದೆ. ಜುಲೈನಲ್ಲಿ ಇಲ್ಲಿನ ತೇವಾಂಶ ಶೇ. 80 ದಾಟುವುದು ಮಾಮೂಲಿ. ಎಸಿ ಇದ್ದರೂ ಬಾಗಿಲು ತೆಗೆದು ಹಾಕುವಷ್ಟರಲ್ಲಿ ಎಲ್ಲ ಒಂದೇ.

"ಹಾಗಾದರೆ ಓವನ್‌ನಲ್ಲಿಟ್ಟು ಆಕ್ಟಿವೇಟ್ ಮಾಡ್ತೀನಿ" ಅನ್ನುತ್ತಾರೆ. 110 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ತೆಗೆಯಿರಿ, ಬೇಡ ಅನ್ನಲ್ಲ. ಆದರೆ ಸ್ಪಾಟ್ ಹಾಕಲು ಪ್ಲೇಟನ್ನು ಬೆಂಚಿನ ಮೇಲಿಟ್ಟ ಕೆಲವೇ ನಿಮಿಷಗಳಲ್ಲಿ ಅದು ಕೋಣೆಯ ತೇವವನ್ನು ಮತ್ತೆ ಹೀರಿಕೊಂಡಿರುತ್ತದೆ. ನಿಜವಾಗಿ ಕೆಲಸಕ್ಕೆ ಬರುವುದು ತೇವಾಂಶವನ್ನೇ ಒಂದು ಮಟ್ಟದಲ್ಲಿ ನಿಲ್ಲಿಸುವುದು. ಮೆಗ್ನೀಷಿಯಂ ಕ್ಲೋರೈಡಿನ ಸಂತೃಪ್ತ ದ್ರಾವಣ ಮುಚ್ಚಿದ ಪೆಟ್ಟಿಗೆಯೊಳಗೆ ಸುಮಾರು ಶೇ. 33 ತೇವಾಂಶ ಕಾಯ್ದುಕೊಳ್ಳುತ್ತದೆ. ಸ್ಪಾಟ್ ಹಾಕಿದ ಪ್ಲೇಟನ್ನು ಅದರ ಮೇಲಿಟ್ಟು, ತೆಗೆದ ತಕ್ಷಣ ದ್ರಾವಕವಿರುವ ಗಾಜಿನ ಚೇಂಬರಿಗೆ ಇಳಿಸಿದರೆ ಮೇ ತಿಂಗಳ ಪ್ಲೇಟಿಗೂ ಜುಲೈ ಪ್ಲೇಟಿಗೂ ಅಜಗಜಾಂತರ ಇರುವುದಿಲ್ಲ. ಚೇಂಬರಿನ ಒಳಗೋಡೆಗೆ ಫಿಲ್ಟರ್ ಪೇಪರ್ ಅಂಟಿಸಿ 20 ನಿಮಿಷ ಆವಿ ತುಂಬಲು ಬಿಡುವುದೂ ಅಷ್ಟೇ ಮುಖ್ಯ. ನಿನ್ನೆ ಉಳಿದ ದ್ರಾವಕ ಮಿಶ್ರಣವನ್ನು ಇವತ್ತು ಬಳಸುವ ಜಿಪುಣತನ ಬೇಡ. ಬೇಗ ಆರುವುದು ಆರಿ, ಪ್ರಮಾಣ ಬದಲಾಗಿರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಪುಸ್ತಕದ ಅಂಕಿಯನ್ನು ನಾನು ಲೆಕ್ಕಕ್ಕಿಡುವುದಿಲ್ಲ. ಅದೇ ಪ್ಲೇಟಿನಲ್ಲಿ ಸ್ಟ್ಯಾಂಡರ್ಡ್, ಅಂದರೆ ಇಂಥದ್ದೇ ಎಂದು ಖಚಿತವಾಗಿ ಗೊತ್ತಿರುವ ವಸ್ತು, ಓಡಬೇಕು. ಮೂರು ಲೇನ್ (ಚುಕ್ಕೆ ಏರುವ ಸಾಲು): ಒಂದರಲ್ಲಿ ಸ್ಯಾಂಪಲ್, ಒಂದರಲ್ಲಿ ಸ್ಟ್ಯಾಂಡರ್ಡ್, ನಡುವಿನದರಲ್ಲಿ ಎರಡೂ ಒಂದರ ಮೇಲೊಂದು. ನಡುವಿನ ಲೇನಿನಲ್ಲಿ ಚುಕ್ಕೆ ಒಂದೇ ಆಗಿ, ದುಂಡಗೆ ನಿಂತರೆ ಮಾತ್ರ ಮುಂದಿನ ಮಾತು. ಸ್ವಲ್ಪ ಉದ್ದವಾಗಿ ಸೊಂಟ ಸಣ್ಣಗಾದ ಹಾಗೆ ಕಂಡರೆ ಅಲ್ಲಿ ಇಬ್ಬರಿದ್ದಾರೆ, ಅಂದರೆ ಎರಡು ಬೇರೆ ವಸ್ತುಗಳು. ಅಂಥದ್ದನ್ನು ಇನ್ನೊಂದು ದ್ರಾವಕದಲ್ಲಿ ಓಡಿಸದೆ ಯಾವ ಹೆಸರನ್ನೂ ಬರೆಯಬೇಡಿ.

ಇದರ ಬೆಲೆ ತಿಳಿಯುವುದು ಮಂಡಿನೋವಿನ "ಶುದ್ಧ ಗಿಡಮೂಲಿಕೆ" ಪುಡಿಗಳು ಬಂದಾಗ. ಮೆಥನಾಲ್‌ನಲ್ಲಿ ಸೋಸಿ, ಕ್ಯಾಪಿಲರಿಯಲ್ಲಿ ಮುಟ್ಟಿಸಿ ಮುಟ್ಟಿಸಿ, ಪ್ರತಿ ಸಲ ಒಣಗಿಸಿ 3 ಮಿ.ಮೀ. ಮೀರದ ಚುಕ್ಕೆ ಹಾಕುತ್ತೇವೆ. ಸಿಲಿಕಾ ಗೀರಬಾರದು, ಬಾಯಿಯಿಂದ ಊದಬಾರದು, ಉಸಿರಿನಲ್ಲೂ ತೇವವೇ. ಪ್ಲೇಟ್ ಓಡಿಸಿ 254 ನ್ಯಾನೋಮೀಟರ್‌ನ ಯುವಿ ದೀಪದಡಿ ಇಟ್ಟರೆ ಹಿನ್ನೆಲೆ ಹಸಿರಾಗಿ ಹೊಳೆಯುತ್ತದೆ, ಬೆಳಕು ಹೀರುವ ವಸ್ತು ಇದ್ದಲ್ಲಿ ಕಪ್ಪಾಗುತ್ತದೆ. ನಿಜವಾದ ಗಿಡದ ಸಾರ ಸಾಮಾನ್ಯವಾಗಿ ಗಲೀಜಾಗಿಯೇ ಕಾಣುತ್ತದೆ: ಹತ್ತಾರು ಮಸುಕು ಪಟ್ಟೆಗಳು, ಬುಡದಲ್ಲಿ ಅಂಟಿಕೊಂಡ ಕಂದು, ಮೇಲೆ ಹರಿತ್ತಿನ ಗುಂಪು. ಆ ಗಲೀಜಿನ ನಡುವೆ ಮುದ್ರೆ ಒತ್ತಿದಂತೆ ಒಂದೇ ಒಂದು ಗಟ್ಟಿ ಕಪ್ಪು ಚುಕ್ಕೆ ಕಂಡರೆ ನನ್ನ ಕೈ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆಯ ಔಷಧದ ಸ್ಟ್ಯಾಂಡರ್ಡ್ ಬಾಟಲಿಯ ಕಡೆ ಹೋಗುತ್ತದೆ. ಅದು ಆಮ್ಲ, ದ್ರಾವಕಕ್ಕೆ ಸ್ವಲ್ಪ ಅಸಿಟಿಕ್ ಆಮ್ಲ ಸೇರಿಸದಿದ್ದರೆ ಬಾಲ ಎಳೆಯುತ್ತದೆ, ಬಾಲ ಇರುವ ಚುಕ್ಕೆಯನ್ನು ಪಕ್ಕದ ಲೇನಿಗೆ ಹೋಲಿಸಿ ಪ್ರಯೋಜನವಿಲ್ಲ.

ಸ್ಟೀರಾಯ್ಡ್ ಬೆರೆಸಿದವರು ಇನ್ನೂ ಚಾಲಾಕಿಗಳು, ಪ್ರಮಾಣ ತೀರಾ ಕಡಿಮೆ. ಕ್ಷಾರದ ಜೊತೆ ಬ್ಲೂ ಟೆಟ್ರಜೋಲಿಯಂ ಸಿಂಪಡಿಸಿದರೆ ನೇರಳೆ ಬಣ್ಣ ಬಂದು ಸಿಕ್ಕಿಬೀಳುತ್ತವೆ. ಆದರೆ ಅದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡೋ ಅದರ ಜೋಡಿ ಬೀಟಾಮೆಥಾಸೋನೋ ಎಂದು ಟಿಎಲ್‌ಸಿಯಿಂದ ಹೇಳಲು ಹೋಗಬೇಡಿ. 16ನೇ ಕಾರ್ಬನ್ನಿನಲ್ಲಿ ಒಂದು ಮಿಥೈಲ್ ಗುಂಪು ಆ ಕಡೆಯೋ ಈ ಕಡೆಯೋ ಎಂಬುದಷ್ಟೇ ವ್ಯತ್ಯಾಸ. ಅನುಮಾನ ಹುಟ್ಟಿಸುವುದು ಪ್ಲೇಟಿನ ಕೆಲಸ. ತೀರ್ಪಿಗೆ ವಸ್ತುಗಳನ್ನು ಬೇರ್ಪಡಿಸಿ ಅಣುವಿನ ತೂಕ ಅಳೆಯುವ ಎಲ್‌ಸಿ-ಎಂಎಸ್ ಯಂತ್ರ ಇದೆ.

"ಎಚ್‌ಪಿಎಲ್‌ಸಿ ಇರುವಾಗ ಇದೆಲ್ಲ ಯಾಕೆ?" ಎಂದು ಮ್ಯಾನೇಜರುಗಳು ಕೇಳುತ್ತಾರೆ. ಆ ಯಂತ್ರ ಸ್ಯಾಂಪಲನ್ನು ದ್ರಾವಕದ ಜೊತೆ ಕಾಲಮ್ ಎಂಬ ಕೊಳವೆಯ ಮೂಲಕ ತಳ್ಳಿ ಬೇರ್ಪಡಿಸುತ್ತದೆ. ಕಾಲಮ್ಮಿನಲ್ಲಿ ಸಿಕ್ಕಿಕೊಂಡು ಹೊರಬರದೇ ಉಳಿದದ್ದು ಎಚ್‌ಪಿಎಲ್‌ಸಿಗೆ ಕಾಣುವುದಿಲ್ಲ. ಪ್ಲೇಟಿನಲ್ಲಿ ಎಲ್ಲವೂ ಅಲ್ಲೇ ಇರುತ್ತದೆ, ಬುಡದಲ್ಲಿ ಕದಲದೇ ಕೂತದ್ದೂ ಸೇರಿ. ಅಂದಹಾಗೆ ಈ ವಿದ್ಯೆ ಹುಟ್ಟಿದ್ದೇ ಇಂಥ ಕೆಲಸಕ್ಕೆ. 1938ರಲ್ಲಿ ಖಾರ್ಕಿವ್‌ನ ಇಜ್ಮೈಲೋವ್ ಮತ್ತು ಶ್ರೈಬರ್ ಗಾಜಿನ ಸ್ಲೈಡಿನ ಮೇಲೆ ಅಲ್ಯುಮಿನಾ ಬಳಿದು ನೋಡಿದ್ದು ಔಷಧಿ ಅಂಗಡಿಯ ಗಿಡಮೂಲಿಕೆ ಟಿಂಚರುಗಳನ್ನೇ.

ಒಂದು ಚುಕ್ಕೆ ಹೊಂದಿದ ಮಾತ್ರಕ್ಕೆ ಗಿಡ ಗೊತ್ತಾಯಿತು ಅಂತಲೂ ಅಲ್ಲ. ದಾರುಹರಿದ್ರಾ ಎಂದು ಬರುವ ಔಷಧಿ ಕಟ್ಟಿಗೆಯ ಪ್ಲೇಟನ್ನು 366 ನ್ಯಾನೋಮೀಟರ್ ದೀಪದಡಿ ಹಿಡಿದರೆ ಅದರಲ್ಲಿರುವ ಬರ್ಬೆರಿನ್ ಎಂಬ ವಸ್ತು ಹಳದಿಯಾಗಿ ಉರಿಯುತ್ತದೆ. ಹಿಮಾಲಯದ ಬರ್ಬೆರಿಸ್ ಪೊದೆಯಲ್ಲೂ ಅದಿದೆ, ನಮ್ಮ ಪಶ್ಚಿಮ ಘಟ್ಟದ ಮರದರಿಶಿನ ಬಳ್ಳಿಯಲ್ಲೂ ಇದೆ. ಹಾಗಾಗಿ ಅಧಿಕೃತ ಕಟ್ಟಿಗೆಯ ಸಾರವನ್ನು ಪಕ್ಕದಲ್ಲಿ ಓಡಿಸಿ ಇಡೀ ಲೇನನ್ನು ಹೋಲಿಸಬೇಕು. ಬರೀ ಬರ್ಬೆರಿನ್ ಸ್ಟ್ಯಾಂಡರ್ಡ್ ಸಾಲದು.

ನನಗೆ ಇಷ್ಟದ ಪ್ಲೇಟ್ ಅರಿಶಿನದ್ದು. ಕ್ಲೋರೋಫಾರ್ಮ್ 95, ಮೆಥನಾಲ್ 5. ದೀಪವೂ ಬೇಡ, ಮೂರು ಹಳದಿ ಚುಕ್ಕೆಗಳು ಬರಿಗಣ್ಣಿಗೇ ಕಾಣುತ್ತವೆ: ಮೇಲೆ ಕರ್ಕ್ಯುಮಿನ್, ಅದರ ಕೆಳಗೆ ಒಂದು ಮೆಥಾಕ್ಸಿ ಗುಂಪು ಕಡಿಮೆಯಿರುವ ಡೀಮೆಥಾಕ್ಸಿಕರ್ಕ್ಯುಮಿನ್, ಎಲ್ಲಕ್ಕಿಂತ ಕೆಳಗೆ ಎರಡೂ ಇಲ್ಲದ ಬಿಸ್‌ಡೀಮೆಥಾಕ್ಸಿಕರ್ಕ್ಯುಮಿನ್. ಮೆಥಾಕ್ಸಿ ಗುಂಪು ಪಕ್ಕದ ಹೈಡ್ರಾಕ್ಸಿಲನ್ನು ತನ್ನ ಕಡೆ ಎಳೆದುಕೊಂಡಿರುತ್ತದೆ. ಅದು ಇಲ್ಲದ ಕಡೆ ಹೈಡ್ರಾಕ್ಸಿಲ್ ಬಿಡುವಾಗಿದ್ದು ಸಿಲಿಕಾಕ್ಕೆ ಅಂಟುತ್ತದೆ, ಅದಕ್ಕೇ ಈ ಕ್ರಮ.

ಒಮ್ಮೆ ಒಬ್ಬ ವ್ಯಾಪಾರಿಯ ಶೇ. 95ರ ಕರ್ಕ್ಯುಮಿನ್ ಸಾರದಲ್ಲಿ ಚುಕ್ಕೆ ಒಂದೇ ಬಂತು. ಪಕ್ಕದ ಲೇನಿನ ಅರಿಶಿನದಲ್ಲಿ ಮೂರೂ ಸರಿಯಾಗಿದ್ದವು, ಆದ್ದರಿಂದ ಮಳೆಯನ್ನು ದೂರುವಂತಿರಲಿಲ್ಲ. ಫೋನಿನಲ್ಲಿ ಆತ, "ಒಂದೇ ಚುಕ್ಕೆ ಅಂದ್ರೆ ಇನ್ನೂ ಶುದ್ಧ ಅಲ್ವಾ? ನೀವು ಹೊಗಳಬೇಕು!" ಎಂದ. ವಾದ ಜೋರಾಗಿತ್ತು, ನಗುವೂ ಬಂತು. ಬೇರಿನಿಂದ ತೆಗೆದ ಮಾಮೂಲಿ ಸಾರದಲ್ಲಿ ಉಳಿದೆರಡು ಒಟ್ಟಾಗಿ ಶೇ. 20ರ ಆಸುಪಾಸು ಇರುತ್ತವೆ. ಎರಡೂ ಪೂರ್ತಿ ಮಾಯವಾದರೆ ಅದು ಕಾರ್ಖಾನೆಯಲ್ಲಿ ತಯಾರಾದ ಕರ್ಕ್ಯುಮಿನ್ ಇರಬಹುದು. ಆದರೆ ಬೇರಿನದ್ದನ್ನೇ ಕಷ್ಟಪಟ್ಟು ಶುದ್ಧೀಕರಿಸಿದರೂ ಪ್ಲೇಟ್ ಹೀಗೇ ಕಾಣುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ "ಕೃತಕ" ಎಂಬ ಪದ ಬರೆಯಲಿಲ್ಲ. ಉಳಿದೆರಡು ಚುಕ್ಕೆಗಳು ಕಂಡಿಲ್ಲ ಎಂದು ಬರೆದು, ಪ್ಲೇಟಿನ ಫೋಟೋ ಲಗತ್ತಿಸಿ, ಕಾರ್ಬನ್-14 ಪರೀಕ್ಷೆ ಮಾಡಿಸಿ ಎಂದು ಸೂಚಿಸಿದೆ. ಗಿಡದಿಂದ ಬಂದದ್ದರಲ್ಲಿ ಈ ವಿಕಿರಣಶೀಲ ಕಾರ್ಬನ್ ಸ್ವಲ್ಪ ಇರುತ್ತದೆ, ಪೆಟ್ರೋಲಿಯಂ ಮೂಲದ ಕರ್ಕ್ಯುಮಿನ್‌ನಲ್ಲಿ ಅದು ಉಳಿದಿರುವುದಿಲ್ಲ. ಆತ ಆ ಪರೀಕ್ಷೆಗೆ ಸ್ಯಾಂಪಲ್ ಕಳಿಸಲೇ ಇಲ್ಲ.