ಒಬ್ಬಂದೇ ಎಲ್ಲಿ ಬರ್ತದೆ?

ಮೇ ತಿಂಗಳ ಕಾರವಾರದಲ್ಲಿ ಫ್ಯಾನಿಲ್ಲದೆ ಕೂರುವುದೆಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಇಗರ್ಜಿಯ ಪಕ್ಕದ ಹಾಲಿನಲ್ಲಿ ಮಕ್ಕಳು ಬೆಳಿಗ್ಗೆಯೆಲ್ಲ ಹಾಗೆ ಕೂತು ವಯಲಿನ್ ನುಡಿಸಿದರು. ಫ್ಯಾನ್ ಹಾಕಿದರೆ ಸ್ವರಲಿಪಿಯ ಹಾಳೆ ಹಾರುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಕೊಂಡಿದ್ದರು, ಆದರೆ ಪುಟ ತಿರುಗಿಸುವಾಗ ಅದೇ ಒಂದು ಫಜೀತಿ. ಸಾಲದ್ದಕ್ಕೆ ಸಮುದ್ರದ ತೇವಕ್ಕೆ ಕಮಾನಿನ ಕುದುರೆ ಕೂದಲು ಜೋತುಬೀಳುತ್ತದೆ, ತಿರುಪು ಎಷ್ಟು ಬಿಗಿ ಮಾಡಿದರೂ ಸಾಲುವುದಿಲ್ಲ.

ಈ ಸಂಗೀತ ಶಿಬಿರ ನಡೆಸಿದವರು ಚರ್ಚಿನವರು, ಸೇರಿದ ಮಕ್ಕಳು ಎಲ್ಲ ಥರದವರು. ಮಗಳನ್ನು ಕಳಿಸುವಾಗ ನಮ್ಮತ್ತೆ ಮೆಲ್ಲಗೆ ಕೇಳಿದ್ದರು, "ಅಲ್ಲಿ ಪ್ರಾರ್ಥನೆ ಮಾಡಿಸ್ತಾರಂತಲ್ಲೇ?" ಮಗಳು ಚಪ್ಪಲಿ ಹಾಕಿಕೊಳ್ಳುತ್ತಲೇ ಹೇಳಿದಳು: "ಮಾಡಿಸ್ತಾರಜ್ಜಿ, ಒಂದು ನಿಮಿಷ. ಆಮೇಲೆ ಶ್ರುತಿ ಮಾಡಿಸ್ತಾರೆ, ಅದೇ ಅರ್ಧ ಗಂಟೆ." ಅಲ್ಲಿಗೆ ಆ ವಿಷಯ ಮುಗಿಯಿತು.

ಕಲಿಸಿದವರು ಒಬ್ಬ ವಯಸ್ಸಾದ ಮಾಸ್ತರರು, ಗೋವಾ ಕಡೆಯವರು. ಮಾಜಾಳಿ ದಾಟಿದರೆ ಗೋವಾ, ಆದರೆ ಸಂಗೀತದ ಮಟ್ಟಿಗೆ ಅದು ಬೇರೆಯೇ ಲೋಕ. ಪೋರ್ಚುಗೀಸರ ಕಾಲದಿಂದ ಅಲ್ಲಿನ ಇಗರ್ಜಿ ಶಾಲೆಗಳಲ್ಲಿ ಹುಡುಗರಿಗೆ ಜಪದ ಜೊತೆಗೇ ಸ್ವರಲಿಪಿ ಓದುವುದು, ವಯಲಿನ್ ನುಡಿಸುವುದು ಕಲಿಸುತ್ತಿದ್ದರು. ಮುಂಬಯಿಯ ಸಿನಿಮಾ ವಾದ್ಯವೃಂದಗಳನ್ನು ತುಂಬಿದವರು ಆ ಹುಡುಗರೇ. ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲರಿಗೆ ವಯಲಿನ್ ಹೇಳಿಕೊಟ್ಟ ಆಂಥನಿ ಗೊನ್ಸಾಲ್ವಿಸ್ ಕೂಡ ಗೋವಾದ ಮಜೋರ್ಡಾದವರು. ನಮ್ಮ ಮಾಸ್ತರರು ಇಂಥ ಕತೆಗಳನ್ನು ಹೇಳುವವರಲ್ಲ. ಅವರು ಮಾತಾಡುವುದೇ ಕಡಿಮೆ.

ಮಗಳ ಗುಂಪಿಗೆ ಕೊಟ್ಟದ್ದು ಪಾಹೆಲ್‌ಬೆಲ್‌ನ ಕ್ಯಾನನ್. ಮದುವೆ ವಿಡಿಯೊಗಳಲ್ಲಿ ಕೇಳಿಯೇ ಇರುತ್ತೀರಿ. ಆತ ಜರ್ಮನಿಯ ಎರ್ಫುರ್ಟ್, ನ್ಯೂರೆಂಬರ್ಗ್ ಊರುಗಳ ಚರ್ಚುಗಳಲ್ಲಿ ಆರ್ಗನ್ ನುಡಿಸಿ ಹೊಟ್ಟೆ ಹೊರೆದವನು. ತೀರಿಕೊಂಡದ್ದು 1706ರಲ್ಲಿ. ಈ ಕೃತಿ ಅಚ್ಚಾದದ್ದು 1919ರಲ್ಲಿ! ಮೂರು ವಯಲಿನ್‌ಗಳು ಒಂದೇ ಧಾಟಿಯನ್ನು ಒಂದರ ಹಿಂದೊಂದು ಹಿಡಿದುಕೊಂಡು ಹೋಗುತ್ತವೆ. ಕೆಳಗೆ ಚೆಲ್ಲೋ, ಕಾಲ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ವಯಲಿನ್ ಥರದ್ದು. ಚೆಲ್ಲೋಗೆ ಇರುವುದು ಎಂಟೇ ಸ್ವರ. ನಮ್ಮ ಲೆಕ್ಕದಲ್ಲಿ ಸ ಪ ದ ಗ ಮ ಸ ಮ ಪ. ಮೊದಲಿನಿಂದ ಕೊನೆತನಕ ಇದನ್ನೇ 28 ಸಲ ನುಡಿಸಬೇಕು. ಮೇಲೆ ವಯಲಿನ್‌ಗಳು ಏನೇ ಕುಣಿಯಲಿ, ಇಲ್ಲಿ ಸ ಪ ದ ಗ ಮ ಸ ಮ ಪ.

ಚೆಲ್ಲೋ ಹಿಡಿದವನು ಎತ್ತರದ ಒಬ್ಬ ಹುಡುಗ. ಅವನ ಅಪ್ಪ ಕಂಟ್ರಾಕ್ಟರ್. ಜೋರು ಗಂಟಲು, ಫೋನ್ ಬಂದರೆ ಎದ್ದು ಹೊರಗೆ ಹೋಗುವ ಅಭ್ಯಾಸವಿಲ್ಲ. ಕೆಟ್ಟ ಮನುಷ್ಯನಲ್ಲ, ದಿನಾ ಎಲ್ಲ ಮಕ್ಕಳಿಗೂ ಕೋಕಂ ಶರಬತ್ತು ತರುತ್ತಿದ್ದವರು ಅವರೊಬ್ಬರೇ. ಕೊನೆಯ ದಿನದ ಹಿಂದಿನ ಬೆಳಿಗ್ಗೆ ಅಭ್ಯಾಸ ಪೂರ್ತಿ ಕೂತು ಕೇಳಿದರು. ಮುಗಿದ ಮೇಲೆ ಎದ್ದು ಹೋಗಿ ಕೇಳಿದರು:

"ಮಾಸ್ತರ್ರೇ, ನಮ್ಮ ಹುಡುಗಂದು ಒಬ್ಬಂದೇ ಎಲ್ಲಿ ಬರ್ತದೆ?"

ಮಾಸ್ತರರು ಕಮಾನಿಗೆ ರೋಸಿನ್ ಎಂಬ ರಾಳ ತಿಕ್ಕುತ್ತಿದ್ದರು. ಕತ್ತೆತ್ತಲಿಲ್ಲ.

"ಬರೂದಿಲ್ಲ."

ಅಷ್ಟೇ. ಸಮಾಧಾನದ ಮಾತಿಲ್ಲ, 'ಹಾಗಲ್ಲ ನೋಡಿ' ಇಲ್ಲ, ಮುಂದಿನ ವರ್ಷದ ಆಸೆಯನ್ನೂ ತೋರಿಸಲಿಲ್ಲ. ಅಪ್ಪ ಇನ್ನೂ ಏನೋ ಬರುತ್ತದೆಂದು ಕಾದು ನಿಂತರು. ಮಾಸ್ತರರು ರೋಸಿನ್ ತಿಕ್ಕಿದರು. ಕೇಳಿಸಿಕೊಂಡ ನಾವೆಲ್ಲ ನಮ್ಮ ನಮ್ಮ ಮಕ್ಕಳ ನೀರಿನ ಬಾಟಲಿ ಹುಡುಕುವವರಂತೆ ಬಗ್ಗಿದೆವು.

ಈ ವಾರವಿಡೀ ಅದೇ ಕಿವಿಯಲ್ಲಿದೆ. ಕುಕ್ಕರ್ ಕೂಗುವಾಗ, ಬ್ಯಾಂಕಿನ ಸಾಲಿನಲ್ಲಿ ನಿಂತಾಗ, "ಒಬ್ಬಂದೇ ಎಲ್ಲಿ ಬರ್ತದೆ?" "ಬರೂದಿಲ್ಲ." ಮೊದಮೊದಲು ಮಾಸ್ತರರ ಪಾಲಿಗೆ ನಿಂತಿದ್ದೆ. ಆಮೇಲೆ ಅನ್ನಿಸಿತು, ಅಪ್ಪ ಕೇಳಿದ್ದರಲ್ಲಿ ಅನ್ಯಾಯವೇನಿದೆ? ನರ್ಸರಿಯಿಂದಲೇ ನಾವು ಮಕ್ಕಳನ್ನು ಮುಂದಿನ ಸಾಲಿಗೆ ತಳ್ಳುತ್ತ ಬಂದವರು. ಶಾಲೆಯ ಗ್ಯಾದರಿಂಗಿನಲ್ಲಿ ಮೂವತ್ತು ಮಕ್ಕಳು ಕುಣಿದರೆ ಮೂವತ್ತು ಅಪ್ಪಂದಿರು ಮೂವತ್ತು ಬೇರೆ ಬೇರೆ ನೃತ್ಯ ನೋಡಿಕೊಂಡು ಮನೆಗೆ ಬರುತ್ತಾರೆ. ಟೀವಿಯಲ್ಲಿ ಐದು ವರ್ಷದ ಕೂಸನ್ನು ಮೈಕ್ ಮುಂದೆ ನಿಲ್ಲಿಸಿ, ಸೋತಾಗ ಅಳುವುದನ್ನು ಹತ್ತಿರದಿಂದ ತೋರಿಸುತ್ತಾರೆ. ಹೀಗೆಲ್ಲ ರೂಢಿ ಮಾಡಿಸಿ, ಈಗ ಒಬ್ಬ ಅಪ್ಪ ಬಾಯಿಬಿಟ್ಟು ಕೇಳಿದರೆ ಮೂಗು ಮುರಿಯುವುದು ಯಾವ ನ್ಯಾಯ?

ನನ್ನ ತವರು ಶಿರಸಿ ಕಡೆ. ಅಪ್ಪ ತಾಳಮದ್ದಲೆಯಲ್ಲಿ ಶ್ರುತಿಗೆ ಕೂರುತ್ತಿದ್ದರು. ಭಾಗವತರು, ಮದ್ದಳೆಯವರು, ಅರ್ಥಧಾರಿಗಳು ಎಲ್ಲರ ಹೆಸರೂ ಕರಪತ್ರದಲ್ಲಿ ಇರುತ್ತಿತ್ತು, ಶ್ರುತಿಯವರದ್ದಿಲ್ಲ. ಹಾರ್ಮೋನಿಯಂ ಪೆಟ್ಟಿಗೆಯ ತಿದಿ ಒತ್ತುತ್ತ ಬೆಳಗಿನ ಜಾವದವರೆಗೆ ಕೂತಿದ್ದು, ಮನೆಗೆ ಬಂದು ಕೊಟ್ಟಿಗೆ ಕೆಲಸಕ್ಕೆ ಇಳಿಯುತ್ತಿದ್ದರು. ಅದು ಅವರಿಗೆ ಬೇಸರವಾಗಿತ್ತೋ ಇಲ್ಲವೋ, ಕೇಳಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಅಪ್ಪ ತೃಪ್ತರಾಗಿದ್ದರು ಎಂದು ಬರೆದುಬಿಟ್ಟರೆ ಚೆನ್ನಾಗಿ ಕಾಣುತ್ತದೆ. ಬರೆಯಲಾರೆ.

ಆದರೆ ಆ ಹುಡುಗನನ್ನು ನಾನು ನೋಡಿದ್ದೇನೆ. ಈ ಕೃತಿಯಲ್ಲಿ ನಡುವೆ ವಯಲಿನ್‌ಗಳಿಗೆ ಸಣ್ಣ ಸಣ್ಣ ಸ್ವರಗಳು ದಡದಡ ಬರುವ ಜಾಗವಿದೆ. ಮೊದಲ ವಯಲಿನ್ನಿನ ಹುಡುಗಿ ಅಲ್ಲಿಗೆ ಬಂದಳೆಂದರೆ ಓಟ ಕೀಳುತ್ತಿದ್ದಳು. ಹಿಂದೆ ಉಳಿದಿಬ್ಬರು ದಿಕ್ಕೆಟ್ಟು ಓಡುತ್ತಿದ್ದರು, ನನ್ನ ಮಗಳೂ ಸೇರಿ. ಕೈ ಬೀಸಿ ತಡೆಯಲು ಕಂಡಕ್ಟರ್ ಇಲ್ಲ. ಇಂಥ ಸಂಗೀತದಲ್ಲಿ ಇರುವುದಿಲ್ಲ. ಮಾಸ್ತರರು ಆ ಹುಡುಗಿಗೆ ಏನೂ ಹೇಳಲಿಲ್ಲ. ಚೆಲ್ಲೋ ಹುಡುಗನ ಕಡೆ ತಿರುಗಿ, "ಅವ್ರು ಓಡ್ಲಿ. ನೀ ಓಡ್ಬೇಡ" ಅಂದರು. ಅವನು ಓಡಲಿಲ್ಲ. ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು, ಒರೆಸಿಕೊಳ್ಳಲು ಕೈ ಬಿಡುವಿಲ್ಲ. ಸ ಪ ದ ಗ. ಮುಂದೆ ಹೋದವಳಿಗೆ ಕಾಲಡಿ ನೆಲವಿಲ್ಲವೆಂದು ಗೊತ್ತಾಗಿ ತಾನಾಗೇ ಹಿಂದಕ್ಕೆ ಬಂದಳು. ಗುಂಪನ್ನು ಹಿಡಿದಿಟ್ಟದ್ದು ಅವನು. ಅವನಪ್ಪ ಆಗ ಫೋನಿನಲ್ಲಿದ್ದರು.

ಹಾಳೆಗಳ ಕೊನೆಗೆ ಮಾಸ್ತರರು ಪೆನ್ಸಿಲ್‌ನಲ್ಲಿ ಎಸ್, ಡಿ, ಜಿ ಎಂದು ಬರೆದಿದ್ದರು. ಅದು ಅವರ ಇನಿಶಿಯಲ್ ಎಂದುಕೊಂಡಿದ್ದಳು ಮಗಳು. ಜರ್ಮನಿಯ ಸಂಗೀತಗಾರ ಬಾಖ್ ತನ್ನ ಹಸ್ತಪ್ರತಿಗಳ ಕೊನೆಗೆ ಹಾಕುತ್ತಿದ್ದ ಲ್ಯಾಟಿನ್ ಅಕ್ಷರಗಳಂತೆ ಅವು. ಮಹಿಮೆಯೆಲ್ಲ ದೇವರೊಬ್ಬನಿಗೇ ಅಂತ. ದಾಸರ ಪದದ ಕೊನೆಗೆ ವಿಠಲ ಬಂದ ಹಾಗೆ ಅಂದೆ. ಮಗಳು ಹೂಂ ಅಂದಳು.

ಕೊನೆಯ ಸಂಜೆ ನುಡಿಸಿದ್ದು ಇಗರ್ಜಿಯೊಳಗೆ, ಜಪಮಾಲೆ ಪ್ರಾರ್ಥನೆ ಮುಗಿದ ಮೇಲೆ. ಫಾದರ್ ಮೊದಲೇ ಹೇಳಿಬಿಟ್ಟರು: ಇದು ಪ್ರಾರ್ಥನೆಯ ಭಾಗ, ದಯವಿಟ್ಟು ಚಪ್ಪಾಳೆ ಬೇಡ. ಹಾಲಿನಲ್ಲಾದರೆ ನಾರಿನ ಚಾಪೆ ಇತ್ತು, ಇಲ್ಲಿ ನುಣುಪು ಟೈಲ್ಸು. ಚೆಲ್ಲೋದ ಅಡಿಯ ಕಡ್ಡಿ ಸರ್ರನೆ ಜಾರಿತು. ಮಾಸ್ತರರು ಸುತ್ತ ನೋಡಿ, "ಯಾರ ಹತ್ರಾದ್ರೂ ಬೆಲ್ಟ್ ಇದ್ಯಾ?" ಎಂದರು. ಕಂಟ್ರಾಕ್ಟರು ಹಿಂದೆಮುಂದೆ ನೋಡದೆ ತಮ್ಮದನ್ನೇ ಬಿಚ್ಚಿಕೊಟ್ಟರು. ಅದರ ಒಂದು ತುದಿ ಕುರ್ಚಿಯ ಕಾಲಿಗೆ, ಇನ್ನೊಂದು ತುದಿಯ ತೂತಿಗೆ ಕಡ್ಡಿ. ಚೆಲ್ಲೋ ನಿಂತಿತು. ಅಪ್ಪ ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಇಡೀ ಕೃತಿ ಮುಗಿಯುವವರೆಗೆ ಕಂಬದ ಪಕ್ಕ ನಿಂತೇ ಇದ್ದರು. ಚಪ್ಪಾಳೆ ಹೊಡೆಯಿರಿ ಎಂದಿದ್ದರೂ ಅವರಿಂದ ಆಗುತ್ತಿರಲಿಲ್ಲ.

ಮರುದಿನ ಅವರ ಸ್ಟೇಟಸ್ಸು ನೋಡಿ ನಕ್ಕೂ ನಕ್ಕೂ ಸಾಕಾಯಿತು. 'ನನ್ನ ಮಗನ ಸೋಲೋ' ಅಂತ! ವಿಡಿಯೊ ಹಾಕಿದರೆ ನಿಜವೇ. ಕ್ಯಾನನ್ ಶುರುವಾಗುವುದು ಚೆಲ್ಲೋದಿಂದ. ಮೊದಲ ವಯಲಿನ್ ಸೇರುವ ಮುಂಚೆ ಆ ಎಂಟು ಸ್ವರ ಅದೊಂದೇ ನುಡಿಯುತ್ತದೆ. ಮಾಸ್ತರರು 'ಬರೂದಿಲ್ಲ' ಎಂದಿದ್ದನ್ನು ಈ ಮನುಷ್ಯ ಕತ್ತರಿಸಿ ತೆಗೆದು ಊರಿಗೆ ತೋರಿಸಿದ್ದರು.

ಮಧ್ಯಾಹ್ನಕ್ಕೆ ಸ್ಟೇಟಸ್ಸು ಮಾಯ. ಹುಡುಗನೇ ಹಟ ಹಿಡಿದು ತೆಗೆಸಿದನಂತೆ, ನಾಲ್ಕನೇ ಸ್ವರ, ಗ, ಸ್ವಲ್ಪ ಕೆಳಗೆ ಬಿದ್ದಿದೆ ಅಂತ. ಅಪ್ಪ ನನಗೆ ಫೋನ್ ಮಾಡಿದರು, "ಅಕ್ಕಾ, ನಿಮ್ಮ ಹತ್ರ ಪೂರ್ತಿ ವಿಡಿಯೊ ಇದ್ರೆ ಕಳಿಸಿ ಮಾರಾಯ್ರೇ." ನನ್ನ ವಿಡಿಯೊದಲ್ಲಿ ಮೊದಲಿನಿಂದ ಕೊನೆತನಕ ಇರುವುದು ನನ್ನ ಮಗಳು, ಒಮ್ಮೊಮ್ಮೆ ಪಕ್ಕದ ಹುಡುಗಿಯ ಮೊಣಕೈ. ಚೆಲ್ಲೋ ಕೇಳಿಸುತ್ತದೆ, ಕಾಣಿಸುವುದಿಲ್ಲ. ಅದನ್ನೇ ಕಳಿಸಿದೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.